ಕಾಳು ಮೇಷ್ಟ್ರ ಮೊಮ್ಮಗು

ಕಾಳು ಮೇಷ್ಟ್ರು ಎಂದು ಅವರಿಗೆ ಹೆಸರಿಟ್ಟವರು ಅವರ ವಿದ್ಯಾರ್ಥಿಗಳೇ. ದವಸದ ಕಾಳಲ್ಲ ಮತ್ತೆ. ನಮ್ಮ ರಕ್ತನಾಳಗಳ ಒಳಮೈಗೆ ಜೀವಕೋಶಗಳ ತೆಳ್ಳನೆಯ ಪದರವಿದೆಯಲ್ಲ, ಆ ಕೋಶಗಳೊಳಗೆ ಉದ್ದುದ್ದನೆಯ ಕಾಳುಗಳಿರುತ್ತವೆ. ಗಾಯವಾದ ಸುದ್ದಿ ಮುಟ್ಟಿದರೆ ಸಾಕು, ಕೋಶದ ಅಂಚಿಗೆ ಬಂದು ಬಾಯಿ ಬಿಚ್ಚಿ, ರಕ್ತ ಹೆಪ್ಪುಗಟ್ಟಲು ಬೇಕಾದ ಅಂಟನ್ನು ಹೊರಗೆ ಸುರಿಯುತ್ತವೆ. ಮೇಷ್ಟ್ರು ಅವು ಹೊಳೆಯುವಂತೆ ಮಾಡಿ, ಕೋಶ ಜೀವಂತವಿರುವಾಗಲೇ ಸೂಕ್ಷ್ಮದರ್ಶಕದಡಿ ಚಿತ್ರ ತೆಗೆಯುತ್ತಾರೆ. ಕಸುಬೂ ಅದೇ, ಸಂಸಾರವೂ ಅದೇ ಎಂದು ಅವರ ಹೆಂಡತಿ ಹೇಳುವುದು ಸುಳ್ಳಲ್ಲ.

ಆ ಕೋಶಗಳಿಗೆ ನಡೆಯುವ ಉಪಚಾರವನ್ನು ನೋಡಬೇಕು! ಗಾಜಿನ ತಟ್ಟೆ ಸದಾ ಮೈಬಿಸಿಯಷ್ಟೇ ಬೆಚ್ಚಗಿರಬೇಕು. ಬಾಗಿಲನ್ನು ಯಾರೂ ದಡಾರನೆ ಹಾಕಬಾರದು. ಬೆಳಕು ಚೂರು ಹೆಚ್ಚಾದರೂ ಪಾಪ, ಬೆದರಿಬಿಡುತ್ತವೆ ಎಂದು ಮರುಗುವ ಈ ಪುಣ್ಯಾತ್ಮ, ಮಗಳು ಬಸುರಿ ಎಂದು ತಿಳಿದಾಗ ಕೇಳಿದ ಮೊದಲ ಮಾತೇನು ಗೊತ್ತೇ? ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಅಲ್ಲಿಂದ ಲ್ಯಾಬಿಗೆ ಎಷ್ಟು ದೂರ ಎಂದು.

ಯಾಕೆಂದರೆ ಅವರಿಗೆ ಬೇಕಾದ ಕೋಶ ಸಿಗುವುದು ಹೊಕ್ಕುಳಬಳ್ಳಿಯಲ್ಲಿ. ಕಂಡವರನ್ನೆಲ್ಲ ಗೋಗರೆದು ತಂದ ಬಳ್ಳಿಗಳು ಲ್ಯಾಬಿಗೆ ಬರುವಷ್ಟರಲ್ಲಿ ಕೆಟ್ಟಿರುತ್ತಿದ್ದವು. ಈಗ ಮನೆಯದೇ ಬಳ್ಳಿ! ಮಗಳು ಅಪ್ಪನನ್ನು ಚೆನ್ನಾಗಿ ಬಲ್ಲವಳು. ಬಳ್ಳಿ ಕೊಡಲು ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ಮಗುವನ್ನು ಹೊರಗೆ ತಂದಾಗ ಮೊದಲು ಎತ್ತಿಕೊಳ್ಳುವವನು ತನ್ನ ಅಪ್ಪನೇ ಆಗಬೇಕು. ಚಿಕ್ಕವಳಿದ್ದಾಗ ಅವಳನ್ನೆತ್ತಿಕೊಳ್ಳಲು ಅಪ್ಪನಿಗೆ ಪುರುಸೊತ್ತೇ ಆಗಿರಲಿಲ್ಲ. ತನಗೆ ಸಿಗದ್ದು ತನ್ನ ಮಗುವಿಗಾದರೂ ಸಿಗಲಿ ಎಂಬ ಆಸೆ ಅವಳಿಗೆ. ಮೇಷ್ಟ್ರು ಹೂಂಗುಟ್ಟಿದರು. ಹೂಂ ಅನ್ನುವುದಕ್ಕೆ ಏನು ಕಷ್ಟ!

ಹೆರಿಗೆಯ ದಿನ ತಪ್ಪಿಸಿಕೊಳ್ಳಲಿಲ್ಲ, ಅದನ್ನು ಒಪ್ಪಬೇಕು. ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ, ತೊಡೆಯ ಮೇಲೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಪೆಟ್ಟಿಗೆಯ ಮುಚ್ಚಳ ತೆಗೆದು ಐಸ್ ಕರಗಿತೇ ಎಂದು ನೋಡುತ್ತಿದ್ದರು. ಕೊನೆಗೆ ಬಾಗಿಲು ತೆರೆಯಿತು. ಒಬ್ಬ ನರ್ಸಿನ ಕೈಯಲ್ಲಿ ಬಟ್ಟೆ ಸುತ್ತಿದ ಮಗು, ಇನ್ನೊಬ್ಬಳ ಕೈಯಲ್ಲಿ ಬಳ್ಳಿ ಹಾಕಿದ ಬಾಟಲಿ. ಮೇಷ್ಟ್ರು ಆತುರದಿಂದ ಎರಡೂ ಕೈ ಚಾಚಿದರು. ಬಾಟಲಿಗೆ.

"ತಡ ಆದ್ರೆ ಸತ್ತೋಗ್ತವೆ" ಎಂದವರೇ ಕಾಲಿಗೆ ಬುದ್ಧಿ ಹೇಳಿದರು. ಮಗುವನ್ನು ಅಜ್ಜಿ ಎತ್ತಿಕೊಂಡರು.

ಆಮೇಲೆ ಎರಡು ವಾರ ಮೇಷ್ಟ್ರು ಲ್ಯಾಬಿನ ಕತ್ತಲೆ ಕೋಣೆ ಬಿಟ್ಟು ಅಲ್ಲಾಡಲಿಲ್ಲ. ಬಾಣಂತಿಯ ಜೊತೆಗಿದ್ದ ಹೆಂಡತಿ ಫೋನ್ ಮಾಡಿದರೆ, ಇಬ್ಬರೂ ಚೆನ್ನಾಗಿದ್ದಾರೆ ತಾನೇ ಎಂದು ಕೇಳಿ ಇಟ್ಟುಬಿಡುವರು. ಮೊಮ್ಮಗು ಹೇಗಿದೆ ಸಾರ್ ಎಂದು ವಿದ್ಯಾರ್ಥಿಗಳು ವಿಚಾರಿಸಿದರೆ, ಸೊಗಸಾಗಿ ಬೆಳೆಯುತ್ತಿದೆ, ತಟ್ಟೆ ತುಂಬುತ್ತ ಬಂತು ಎಂದು ಬೀಗುವರು. ಕೊನೆಗೂ ಬೇಕಾದಂಥ ಚಿತ್ರ ಸಿಕ್ಕಿತು. ಗಾಯವಾಯಿತೆಂದು ಕೋಶವನ್ನು ನಂಬಿಸುವ ಔಷಧದ ಹನಿ ಬಿದ್ದದ್ದೇ ತಡ, ಹೊಳೆಯುವ ಕಾಳುಗಳು ಒಂದರ ಹಿಂದೊಂದು ಮಿಂಚಿ ಮಾಯವಾದವು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ ಬಂತು.

ಅದನ್ನು ಮೊಬೈಲಿಗೆ ಹಾಕಿಕೊಂಡು ಮಗಳ ಮನೆಗೆ ಓಡಿದರು. ಅವಳ ಮಗ್ಗುಲಲ್ಲಿ ಮಗು ಹೊದ್ದು ಮಲಗಿತ್ತು. ಅತ್ತ ಒಮ್ಮೆಯೂ ತಿರುಗದೆ ಮೇಷ್ಟ್ರು ಪರದೆಯ ಮೇಲೆ ಬೆರಳಿಟ್ಟು ಒಂದೊಂದು ಕಾಳನ್ನೂ ತೋರಿಸಿದರು. ಮಗಳು ಪೂರ್ತಿ ನೋಡಿದಳು. ಚೆನ್ನಾಗಿದೆ ಎಂದೂ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಪ್ಪ, ಮಗು ಗಂಡೋ ಹೆಣ್ಣೋ?"

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆಕೆ ಬಟ್ಟೆ ಮಡಿಸುವುದರಲ್ಲಿ ಮಗ್ನರಾದರು. ಅದು ಈ ಚಿತ್ರದಲ್ಲಿ ನೋಡಿದರೆ ಗೊತ್ತಾಗಲ್ಲಮ್ಮ ಎಂದು ತೊದಲಿ, ತಾವು ಆಡಿದ್ದೇನೆಂದು ತಮಗೇ ಕೇಳಿಸಿ, ಇಂಗು ತಿಂದ ಮಂಗನಂತಾದರು. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಮಗುವಿನ ಹೊದಿಕೆಯತ್ತ ಕೈ ಚಾಚಿದರು. ಮಗಳು ಆ ಕೈಯನ್ನು ತಡೆದಳು.

"ನೀನು ಆ ತಟ್ಟೆಗೆ ತಾತ ಆಗಿದೀಯಪ್ಪ. ಇದಕ್ಕೆ ಇನ್ನೂ ಆಗಿಲ್ಲ."