ಎರಡು ನೀರ್ಬಾಗಿಲ ನಡುವೆ ಒಂದು ಒಗ್ಗರಣೆ

ಟೋಕಿಯೊದ ಕೋಟೋ ವಾರ್ಡಿನ ಕಾಲುವೆಗೆ ಇನ್ನೂ ಪೂರ್ತಿ ಬೆಳಕು ಬಿದ್ದಿಲ್ಲ. ತೊಯೊಸು ಕಡೆಯ ಎತ್ತರದ ಕಟ್ಟಡಗಳಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿಯಷ್ಟೇ ಹಳದಿಯಾಗಿದೆ. ಸತ್ಯವತಿ ಕಟ್ಟೆಯ ಮೇಲೆ ಶೂ ಕಳಚಿ, ಬಾಗಿ ದೋಣಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಡುತ್ತಾರೆ. ಮೊದಲ ಕೆಲಸ ಕಿಟಕಿ ತೆರೆಯುವುದು. ಒಂದೊಂದನ್ನೂ ತೆರೆದು, ಮಾಸ್ಕನ್ನು ಚೂರು ಕೆಳಗೆಳೆದು, ನೆಲದ ಚಾಪೆಯ ಹತ್ತಿರ ಮುಖ ತಂದು ಮೂಸುತ್ತಾರೆ. ಬೂಷ್ಟಿನ ವಾಸನೆ ಇಲ್ಲ. ಮಾಸ್ಕನ್ನು ಮತ್ತೆ ಮೇಲಕ್ಕೇರಿಸಿ, ಬಟ್ಟೆ ಹಿಂಡಿಕೊಂಡು ಮೇಜು ಒರೆಸಲು ಮಂಡಿಯೂರುತ್ತಾರೆ.

ದೋಣಿಯ ಹೆಸರು ‘ಚಿದೋರಿ’. ಹನ್ನೆರಡೇ ಜನ ಕೂರಬಹುದಾದ ಐಷಾರಾಮಿ ದೋಣಿ. ಉದ್ದನೆಯ ಒಂದೇ ಹಲಗೆಯ ಮೇಜು, ರೇಷ್ಮೆಯ ದಿಂಬು, ಕಪ್ಪಗೆ ಹೊಳೆಯುವ ಅರಗಿನ ಬಟ್ಟಲು. ಸುಮಿದಾ ನದಿಯಿಂದ ಹೊರಟು, ಕಾಲುವೆಗಳನ್ನು ಹೊಕ್ಕು, ತಗ್ಗಿನ ಸೇತುವೆಗಳ ಕೆಳಗೆ ತೂರಿ ಬರುವ ಅರ್ಧ ದಿನದ ಪಯಣ. ಅದಕ್ಕೆ ಕೊಡುವ ಹಣದಲ್ಲಿ ಒಳ್ಳೆಯ ಹೋಟೆಲಿನಲ್ಲಿ ಒಂದು ರಾತ್ರಿ ಕಳೆಯಬಹುದು. ಡ್ಯಾನ್ಯೂಬ್, ನೈಲ್ ನದಿಗಳ ಮೇಲೆ ದಿನಗಟ್ಟಲೆ ತೇಲಿ ಬಂದವರೂ ಇಲ್ಲಿಯ ಸಸ್ಯಾಹಾರದ ಊಟವನ್ನು ಮೆಚ್ಚಿ ಹೋಗಿದ್ದಾರೆ. ಅಡುಗೆಯವರ ಮುಖ ಕಂಡವರು ಮಾತ್ರ ಕಡಿಮೆ. ಅಡುಗೆ ಕೋಣೆ ಹಿಂಭಾಗದಲ್ಲಿದೆ. ಒಂದು ಕಿಂಡಿಯಿಂದ ಬಟ್ಟಲು ಹೊರಬರುತ್ತದೆ. ಬಳೆ ತೊಟ್ಟ ಕೈ ಕಾಣುತ್ತದೆ, ಅಷ್ಟೆ.

ಇದು ೨೦೨೨ರ ಮಾರ್ಚ್ ಕೊನೆ. ಎರಡು ವರ್ಷಗಳ ಮೇಲೆ ಇವತ್ತು ಚಿದೋರಿಯ ಎಲ್ಲ ಆಸನಗಳೂ ತುಂಬಲಿವೆ. ಇದರ ಮಾಲೀಕರೂ ಚಾಲಕರೂ ಆದ ಕುರೋಡಾ ಅವರಿಗೆ, ಇಲ್ಲಿಯವರ ಗೌರವದ ಮಾತಿನಲ್ಲಿ ಕುರೋಡಾ ಸಾನ್‌ಗೆ ಎಪ್ಪತ್ತು ಹತ್ತಿರವಾಯಿತು. ದೂರದ ಸರೋವರವೊಂದರ ದಂಡೆಯ ಹೋಟೆಲಿನವರು ದೋಣಿಯನ್ನು ಕೊಳ್ಳಲು ಕೇಳಿದ್ದಾರೆ. ಅವರಿಗೆ ಅಡುಗೆ ಕೋಣೆ ಬೇಕಿಲ್ಲ, ಕಿತ್ತು ಬಾರ್ ಮಾಡುತ್ತಾರಂತೆ. ಇವತ್ತಿನ ಪಯಣ ಮುಗಿಸಿ ಉತ್ತರ ಹೇಳುತ್ತೇನೆ ಎಂದು ಕುರೋಡಾ ಸಾನ್ ಅವರಿಗೆ ತಿಳಿಸಿದ್ದಾರೆ. ಅದೇ ಮಾತನ್ನು ಸತ್ಯವತಿಯವರಿಗೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

“ಪರೀಕ್ಷೆ ಬರೆಯೋಕೆ ಹೊರಟಿರೋ ಹಾಗಿದೆ ನನಗೆ.” ಎನ್ನುತ್ತಾ ಸತ್ಯವತಿ ಬೇಳೆ ತೊಳೆಯುತ್ತಾರೆ.

ಮೈಸೂರಿನಲ್ಲಿ ಮದುವೆ ಮನೆಗಳ ಅಡುಗೆ ತಂಡವೊಂದರ ಜೊತೆ ಬೆಳೆದ ಕೈ ಅವರದು. ಪತಿ ಮುಕುಂದ ಪಕ್ಕದ ವಾರ್ಡಿನ ಭಾರತೀಯ ಹೋಟೆಲಿಗೆ ಬಾಣಸಿಗರಾಗಿ ಬಂದರು; ಆಮೇಲೆ ಮಗಳು ವರ್ಷಿಣಿಯನ್ನು ಕರೆದುಕೊಂಡು ಇವರು ಬಂದರು. ಮೊದಲು ಕೊಂಬಿನಿ ಎಂಬ, ಹಗಲಿರುಳು ತೆರೆದಿರುವ ಅಂಗಡಿಯಲ್ಲಿ ಅನ್ನದ ಉಂಡೆಗಳನ್ನು ಕಪಾಟಿಗೆ ಜೋಡಿಸುವ ಕೆಲಸ. ಬಂದ ಗಿರಾಕಿಗೆಲ್ಲ ತಲೆ ಬಾಗಿಸುತ್ತಲೇ ಜಪಾನಿ ಭಾಷೆ ಕಲಿತರು. ಒಂದು ಭಾನುವಾರ ಹೋಟೆಲಿನಲ್ಲಿ ಕೈಜೋಡಿಸಲು ಹೋಗಿದ್ದಾಗ ಟೊಮೇಟೊ ಸಾರು ಮಾಡಿದ್ದರು. ಊಟಕ್ಕೆ ಬಂದಿದ್ದ ಕುರೋಡಾ ಸಾನ್ ಅದನ್ನು ಎರಡು ಸಲ ಹಾಕಿಸಿಕೊಂಡು, ಮಾಡಿದವರು ಯಾರೆಂದು ಕೇಳಿದರು. ಮುಕುಂದ ಹೆಂಡತಿಯ ಕಡೆ ಬೆರಳು ತೋರಿದರು. ದೋಣಿಗೆ ದಾರಿಯಾದದ್ದು ಹಾಗೆ.

ದೋಣಿಯ ಮೇಲೆ ಅಡುಗೆ ಮಾಡುವುದಕ್ಕೆ ಅವರು ತಮ್ಮದೇ ಒಂದು ಕ್ರಮ ಕಂಡುಕೊಂಡರು. ಸುಮಿದಾ ನದಿಗಿಂತ ಒಳಗಿನ ಕಾಲುವೆಗಳ ನೀರು ತಗ್ಗಿನಲ್ಲಿದೆ. ಹಾಗಾಗಿ ನಡುವೆ ಓಗಿಬಾಶಿ ಎಂಬಲ್ಲಿ ಎರಡು ನೀರ್ಬಾಗಿಲುಗಳಿವೆ. ದೋಣಿ ಒಳಹೊಕ್ಕ ಮೇಲೆ ಹಿಂದಿನ ಬಾಗಿಲು ಇಳಿಯುತ್ತದೆ, ನೀರು ತಗ್ಗುತ್ತದೆ, ಆಮೇಲೆ ಮುಂದಿನ ಬಾಗಿಲು ಏರುತ್ತದೆ. ಅಷ್ಟು ಹೊತ್ತೂ ದೋಣಿ ನೆಲಕ್ಕೆ ಅಂಟಿದಂತೆ ನಿಂತಿರುತ್ತದೆ. ಸತ್ಯವತಿ ಕಾದ ಎಣ್ಣೆಯ ಕೆಲಸವನ್ನೆಲ್ಲ ಆ ಗಳಿಗೆಗೆ ಎತ್ತಿಟ್ಟುಕೊಳ್ಳುತ್ತಾರೆ. “ನದಿ ಅಲ್ಲಾಡ್ಲಿ, ಅದು ಅದರ ಸ್ವಭಾವ. ಎಣ್ಣೆ ಅಲ್ಲಾಡಬಾರದು,” ಎನ್ನುತ್ತಾರೆ.

ಆ ಕ್ರಮವೇ ಒಂದು ದಿನ ಅವರ ಬದುಕನ್ನು ಬುಡಮೇಲು ಮಾಡಿತು.

೨೦೨೦ರ ಫೆಬ್ರವರಿ ಅದು. ಯೊಕೊಹಾಮಾ ಬಂದರಿನಲ್ಲಿ ಭಾರಿ ಪ್ರವಾಸಿ ಹಡಗೊಂದು ಸೋಂಕಿನ ಭಯಕ್ಕೆ ಜನರನ್ನು ಇಳಿಸಲಾಗದೆ ನಿಂತಿತ್ತು. ಟೀವಿ ಹಾಕಿದರೆ ಅದೇ ಸುದ್ದಿ. ಹಡಗು, ದೋಣಿ ಎಂದರೆ ಜನ ಬೆಚ್ಚುತ್ತಿದ್ದ ದಿನಗಳು. ಚಿದೋರಿಯ ಬುಕಿಂಗುಗಳು ಒಂದೊಂದಾಗಿ ರದ್ದಾಗುತ್ತಿದ್ದವು. ರದ್ದಾಗದೆ ಉಳಿದದ್ದು ಮಧುಕರ್ ಎಂಬವರದು. ಕನಗಾವಾದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿರುವ ಅವರು, ತಮ್ಮ ಮೇಲಧಿಕಾರಿ ತೆರಾಶಿಮಾ ಸಾನ್ ಅವರ ನಿವೃತ್ತಿಯ ಊಟಕ್ಕೆ ದೋಣಿ ಗೊತ್ತುಮಾಡಿದ್ದರು. ಬಂದವರಲ್ಲಿ ಅರ್ಧ ಕನ್ನಡಿಗರು, ಅರ್ಧ ಜಪಾನೀಯರು.

ನೀರ್ಬಾಗಿಲು ಹತ್ತಿರವಾದಾಗ ಮಧುಕರ್ ಕಿಂಡಿಗೆ ತಲೆ ಹಾಕಿದರು. “ಸತ್ಯಕ್ಕ, ಒಗ್ಗರಣೆ ಫ್ರೆಶ್ ಆಗಿ ಹಾಕಿ. ಆ ಚುಂಯ್ ಅನ್ನೋ ಸೌಂಡ್ ನಮ್ ಬಾಸ್ ಕಿವಿಗೆ ಬೀಳ್ಬೇಕು. ಇಷ್ಟು ವರ್ಷ ಪಾಪ ಬರೀ ಮೆಷಿನ್ ಸೌಂಡೇ ಕೇಳಿದ್ದಾರೆ.”

ಊರಿಂದ ತಂದಿಟ್ಟುಕೊಂಡಿದ್ದ ಬ್ಯಾಡಗಿ ಮೆಣಸಿನಕಾಯಿ ಹಿಂದಿನ ವಾರವೇ ಮುಗಿದಿತ್ತು. ಅಂಗಡಿಯಲ್ಲಿ ಸಿಕ್ಕಿದ್ದು ಇಲ್ಲಿಯವರು ಗಿಡುಗನ ಉಗುರು ಎಂದು ಕರೆಯುವ ಪುಟ್ಟ ಮೆಣಸಿನಕಾಯಿ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕೈತುಂಬ ಹಾಕಿದರೂ ನಡೆಯುತ್ತದೆ. ಆ ರೂಢಿಯ ಕೈ ಇದನ್ನೂ ಒಂದು ಹಿಡಿ ಮುರಿದು ಎಣ್ಣೆಗೆ ಹಾಕಿತು. ಮೇಲೆತ್ತಿದ ಬಾಗಿಲಿನಿಂದ ನೀರು ತೊಟ್ಟಿಕ್ಕುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು; ಹೊರಗೆ ಚಳಿಯೂ ಇದ್ದುದರಿಂದ ಯಾರೂ ಮತ್ತೆ ತೆರೆದಿರಲಿಲ್ಲ.

ಮೊದಲು ಕೆಮ್ಮಿದವರು ತೆರಾಶಿಮಾ ಸಾನ್. ಆಮೇಲೆ ಅವರ ಎದುರಿಗಿದ್ದವರು. ನೋಡನೋಡುತ್ತಿದ್ದಂತೆ ಹನ್ನೆರಡು ಜನರೂ ಕೆಮ್ಮತೊಡಗಿದರು. ಕನ್ನಡಿಗರಿಗೆ ಇದು ಘಾಟು ಎಂದು ಗೊತ್ತು. ಏನ್ ಘಾಟು ಗುರೂ ಎಂದು ಕಣ್ಣೊರೆಸಿಕೊಂಡು ನಗುತ್ತಿದ್ದರು. ಆದರೆ ಜಪಾನೀಯರ ಮುಖ ಬಿಳಚಿಕೊಂಡಿತ್ತು. ಒಬ್ಬರು ಕರವಸ್ತ್ರ ಬಾಯಿಗೊತ್ತಿಕೊಂಡು ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಿದ್ದರು. ಆ ಕ್ಷಮೆಗೂ ಕೆಮ್ಮು ಅಡ್ಡ ಬರುತ್ತಿತ್ತು. ಒಬ್ಬಾಕೆ ಗೋಡೆಗೆ ಒರಗಿ ಅಳತೊಡಗಿದಾಗ ಕನ್ನಡಿಗರ ನಗುವೂ ನಿಂತಿತು. ಹಿಂದಿನ ಬಾಗಿಲು ಇಳಿದಿದೆ, ಮುಂದಿನದು ಏರಿಲ್ಲ. ಯಾರೂ ಎಲ್ಲಿಗೂ ಹೋಗುವಂತಿಲ್ಲ. ಯಾರೋ ಕಿಟಕಿ ತೆರೆದರು. ಕೆಮ್ಮಿನ ಸದ್ದು ಸಿಮೆಂಟಿನ ಗೋಡೆಗಳ ನಡುವೆ ಇಮ್ಮಡಿಯಾಗಿ ಮೇಲೆದ್ದಿತು. ಮೇಲೆ ದಂಡೆಯ ಕಂಬಿಗೆ ಒರಗಿ ದೋಣಿ ನೋಡುತ್ತಿದ್ದ ಜನ ಒಟ್ಟಿಗೇ ಹಿಂದೆ ಸರಿದರು. ಒಬ್ಬ ಮಾತ್ರ ಫೋನು ಎತ್ತಿ ಹಿಡಿದು ಅಲ್ಲೇ ನಿಂತಿದ್ದ.

“ಸೌಟು ಹಿಡಿದ ಕೈ ತಣ್ಣಗಾಗಿ ಹೋಯ್ತು,” ಎನ್ನುತ್ತಾರೆ ಸತ್ಯವತಿ. “ಅಡುಗೆ ಸೀದುಹೋದ್ರೆ ಚೆಲ್ಲಿ ಬೇರೆ ಮಾಡಬಹುದು. ಇದನ್ನ ಏನ್ ಮಾಡೋದು? ಗಾಳಿಲಿ ಸೇರಿಬಿಟ್ಟಿತ್ತಲ್ಲ.”

ಊಟ ಅರ್ಧಕ್ಕೇ ನಿಂತು ದೋಣಿ ಹಿಂದಿರುಗಿತು. ಸಂಜೆಯ ಹೊತ್ತಿಗೆ ಆ ವಿಡಿಯೊ ಊರೆಲ್ಲ ಸುತ್ತಿತ್ತು. ರೋಗದ ದೋಣಿ ಎಂದು ಅದಕ್ಕೆ ಹೆಸರೂ ಬಿದ್ದಿತ್ತು. ಮರುದಿನ ಆರೋಗ್ಯ ಇಲಾಖೆಯ ಮಹಿಳಾ ಅಧಿಕಾರಿಯೊಬ್ಬರು ವಿಚಾರಿಸಲು ಬಂದರು. ಸತ್ಯವತಿ ಹೇಗೆ ವಿವರಿಸಿದರೂ ಅವರಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಕಟ್ಟೆಯ ಮೇಲೆ ಒಲೆ ಇಟ್ಟು, ಅದೇ ಮೆಣಸಿನಕಾಯಿಯ ಒಗ್ಗರಣೆ ಹಾಕಿ ತೋರಿಸಿದರು. ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡಿದ್ದ ಅಧಿಕಾರಿ ಬಗ್ಗಿ ಕೆಮ್ಮಿ, ಕಣ್ಣೀರು ಒರೆಸಿಕೊಂಡು, ಅರ್ಥವಾಯಿತು ಎಂದು ತಲೆಯಾಡಿಸಿದರು. ಅದನ್ನು ಯಾರೂ ವಿಡಿಯೊ ಮಾಡಲಿಲ್ಲ. ಹನ್ನೆರಡು ಜನರಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ಅದೂ ಸುದ್ದಿಯಾಗಲಿಲ್ಲ.

ಸತ್ಯವತಿಯವರಿಗೆ ದೊಡ್ಡ ಆಘಾತ ಬಂದದ್ದು ತಮ್ಮವರಿಂದಲೇ. ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಕೆಯ ಕೈಯ ಊಟ ತರಿಸಬೇಡಿ ಎಂಬ ಸಂದೇಶ ಬಂತು. ಕಳಿಸಿದವರು ಯುಗಾದಿಗೆ ಸತ್ಯವತಿಯವರ ಮನೆಯಲ್ಲೇ ಒಬ್ಬಟ್ಟು ತಿಂದವರು. ಯಾಮಿನಿ ಎಂಬವರ ಬಾಣಂತನಕ್ಕೆ ಇವರು ತಿಂಗಳಿಡೀ ಪಥ್ಯದ ಅಡುಗೆ ಮಾಡಿಕೊಟ್ಟಿದ್ದರು. ಆ ಯಾಮಿನಿ ಇವರನ್ನು ದೂರದಿಂದಲೇ ಕಂಡು ತಳ್ಳುಗಾಡಿ ತಿರುಗಿಸಿಕೊಂಡು ರಸ್ತೆ ದಾಟಿದರು. “ಅವರದೇನೂ ತಪ್ಪಿಲ್ಲ ಬಿಡಿ, ಕೈಯಲ್ಲಿ ಹಸುಗೂಸು,” ಎಂದು ಸತ್ಯವತಿ ಅವರ ಪರವಾಗಿ ಮಾತಾಡುತ್ತಾರೆ. ಮಾತಾಡುತ್ತಾ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ.

ಮಗಳ ವಿಷಯ ಬಂದಾಗ ಅವರ ಕೈ ನಿಲ್ಲುತ್ತದೆ. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೇಜು ದೂರ ಎಳೆದುಕೊಂಡರೆಂದು ವರ್ಷಿಣಿ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಒಂದು ಸಂಜೆ ಸ್ನಾನದ ಮನೆಯಲ್ಲಿ ಅವಳು ತನ್ನ ಸಮವಸ್ತ್ರವನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಯಾಕೆಂದು ಅಮ್ಮ ಕೇಳಿದರೆ, “ದೈಜೋಬು, ಅಮ್ಮ. ಇಟ್ಸ್ ಓಕೆ. ಒಗ್ಗರಣೆ ಸ್ಮೆಲ್ ಹೋಗ್ಲಿ ಅಂತ,” ಎಂದಳು. ಆ ದಿನದಿಂದ ಎಷ್ಟೋ ತಿಂಗಳು ಆ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ದೋಣಿ ಕಟ್ಟೆಗೆ ಕಟ್ಟಿದಲ್ಲೇ ಉಳಿಯಿತು. ದೇಶದ ಬಾಗಿಲುಗಳು ಮುಚ್ಚಿದವು, ಟೋಕಿಯೊ ಕಾದು ಕುಳಿತಿದ್ದ ಜಾಗತಿಕ ಕ್ರೀಡಾಕೂಟ ಖಾಲಿ ಮೈದಾನದಲ್ಲಿ ನಡೆದು ಮುಗಿಯಿತು. ಕೆಲಸವಿಲ್ಲದಿದ್ದರೂ ಸತ್ಯವತಿ ಬೆಳಗಿನ ಜಾವ ಬಂದು ಕಿಟಕಿ ತೆರೆದು, ಚಾಪೆ ಒಣಗಿಸಿ ಹೋಗುತ್ತಿದ್ದರು. ಮುಚ್ಚಿಟ್ಟ ದೋಣಿಗೆ ನೀರಿನ ತೇವವೇ ಶತ್ರು. ಚಾಪೆಗೆ ಬೂಷ್ಟು ಹಿಡಿದರೆ ಮರಕ್ಕೂ ಹಬ್ಬುತ್ತದೆ. ಬನ್ನಿ ಎಂದು ಯಾರೂ ಕರೆದಿರಲಿಲ್ಲ. ನನಗೆ ಮಾಡದ ಸೇವೆ ಆ ದೋಣಿಗೆ ಮಾಡ್ತೀಯ ಎಂದು ಮುಕುಂದ ಛೇಡಿಸುತ್ತಿದ್ದರು. ಒಂದು ಬೆಳಗ್ಗೆ ಕುರೋಡಾ ಸಾನ್ ಇದನ್ನು ಕಂಡರು. ಮುಂದಿನ ಸಲ ಸತ್ಯವತಿ ಬಂದಾಗ ಅಡುಗೆ ಕೋಣೆಯಲ್ಲಿ ಮಡಚಿಟ್ಟ ಒಣ ಬಟ್ಟೆಗಳೂ ಬಿಸಿ ಚಹಾದ ಫ್ಲಾಸ್ಕೂ ಇದ್ದವು.

ಕಳೆದ ತಿಂಗಳು, ಮಾರಾಟದ ಮಾತು ಹೆಚ್ಚುಕಡಿಮೆ ಮುಗಿದಿದ್ದಾಗ, ಫೋನು ಬಂತು. ಆ ಕಡೆ ತೆರಾಶಿಮಾ ಸಾನ್. ತನ್ನ ನಿವೃತ್ತಿಯ ಊಟ ಅರ್ಧದಲ್ಲೇ ನಿಂತಿದೆ, ಅದನ್ನು ಮುಗಿಸಬೇಕು, ಅವತ್ತಿನ ಜನರೇ ಬರುತ್ತಾರೆ ಎಂದರು. ಕುರೋಡಾ ಸಾನ್ ದಂಗಾಗಿ, ನೀವು ಯಾವ ದೋಣಿಗೆ ಫೋನ್ ಮಾಡಿದ್ದೀರೆಂದು ಗೊತ್ತಿದೆಯೇ ಎಂದು ಕೇಳಿದರಂತೆ. ಗೊತ್ತಿದೆ, ಒಗ್ಗರಣೆಯೂ ಅದೇ ಜಾಗದಲ್ಲಿ ಆಗಬೇಕು ಎಂದು ಉತ್ತರ ಬಂತು.

ಸತ್ಯವತಿ ಒಪ್ಪಲಿಲ್ಲ. ಒಗ್ಗರಣೆಯನ್ನು ಮನೆಯಲ್ಲೇ ಹಾಕಿ ತರುತ್ತೇನೆಂದು ಹಟ ಹಿಡಿದರು. ಆಗ ಕುರೋಡಾ ಸಾನ್ ಅಂದದ್ದು ಒಂದೇ ಮಾತು: “ಸತ್ಯಾ ಸಾನ್, ಅಡುಗೆಯವರೇ ಹೆದರಿದರೆ ಉಣ್ಣುವವರು ಹೇಗೆ ಬಾಯಿ ತೆರೆಯುತ್ತಾರೆ?”

ಮಧ್ಯಾಹ್ನ ಚಿದೋರಿ ನೀರ್ಬಾಗಿಲನ್ನು ಹೊಗುತ್ತದೆ. ಈ ಸಲ ಕಿಟಕಿಗಳೆಲ್ಲ ತೆರೆದೇ ಇವೆ. ಮೇಲೆತ್ತಿದ ಬಾಗಿಲಿನಿಂದ ತೊಟ್ಟಿಕ್ಕಿದ ನೀರು ಸೀದಾ ಮಧುಕರ್ ಅವರ ಕುತ್ತಿಗೆಗೆ ಬೀಳುತ್ತದೆ. ಇದೂ ಪ್ಯಾಕೇಜಲ್ಲಿ ಸೇರಿದೆಯಾ ಎಂದು ಅವರು ಗೊಣಗುತ್ತಾರೆ. ಹಿಂದಿನ ಬಾಗಿಲು ಇಳಿಯುತ್ತದೆ. ಕುರೋಡಾ ಸಾನ್ ಮೈಕಿನಲ್ಲಿ, ಸುರಂಗ ಬಂತೆಂದು ತಿಳಿಸುವ ದನಿಯಲ್ಲಿ, ಈಗ ಒಗ್ಗರಣೆ ಹಾಕಲಾಗುವುದು, ಕೆಮ್ಮು ಬಂದರೆ ದಯವಿಟ್ಟು ಗಾಬರಿಯಾಗಬೇಡಿ ಎಂದು ಪ್ರಕಟಿಸುತ್ತಾರೆ.

ಮೈಸೂರಿನಿಂದ ಹೊರಟು ದಾರಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದು ಅಂತೂ ತಲುಪಿದ ಪಾರ್ಸೆಲ್ಲಿನ ಬ್ಯಾಡಗಿ ಇದೆ. ಸತ್ಯವತಿ ಅದನ್ನು ಮುರಿಯುತ್ತಾರೆ. ಸಾಸಿವೆ ಸಿಡಿಯುತ್ತದೆ, ಇಂಗು, ಕರಿಬೇವು, ಕೊನೆಗೆ ಮೆಣಸಿನಕಾಯಿ. ಚುಂಯ್ ಎಂದು ಸಾರಿನ ಮೇಲೆ ಬಿದ್ದ ಸದ್ದು ಗೋಡೆಗಳ ನಡುವೆ ಏರುತ್ತದೆ. ತೆರಾಶಿಮಾ ಸಾನ್ ಎದ್ದು ಕಿಂಡಿಯ ಬಳಿ ಬಂದು, ಮಾಸ್ಕ್ ಕೆಳಗೆಳೆದು, ಎದೆ ತುಂಬ ವಾಸನೆ ಎಳೆದುಕೊಳ್ಳುತ್ತಾರೆ. ಒಮ್ಮೆ ಕೆಮ್ಮುತ್ತಾರೆ.

ದೋಣಿಗೆ ದೋಣಿಯೇ ಮರಗಟ್ಟುತ್ತದೆ. ಸತ್ಯವತಿ ಸೌಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಾರೆ.

ತೆರಾಶಿಮಾ ಸಾನ್ ಗಂಟಲು ಸರಿಮಾಡಿಕೊಂಡು, ಸ್ವಲ್ಪ ಬೇಸರದಲ್ಲೇ ಹೇಳುತ್ತಾರೆ: “ಅವತ್ತಿನದು ಇನ್ನೂ ಜೋರಾಗಿತ್ತು.”

ಮೊದಲು ನಕ್ಕವರು ಅವತ್ತು ಅತ್ತಿದ್ದ ಹೆಂಗಸು. ಆಮೇಲೆ ಎಲ್ಲರೂ. ಬಟ್ಟಲುಗಳು ಕಿಂಡಿಗೆ ಖಾಲಿಯಾಗಿ ಬರುತ್ತವೆ, ಮತ್ತೆ ತುಂಬಿ ಹೋಗುತ್ತವೆ.

ಸಂಜೆ ಅತಿಥಿಗಳು ಇಳಿದು ಹೋದ ಮೇಲೆ ಸತ್ಯವತಿ ಪಾತ್ರೆ ತೊಳೆಯುತ್ತಾರೆ. ಸರೋವರದ ಹೋಟೆಲಿನ ಮಾತನ್ನು ಕೇಳುವ ಧೈರ್ಯ ಅವರಿಗಿಲ್ಲ. ಕುರೋಡಾ ಸಾನ್ ಹಗ್ಗ ಬಿಗಿದು, ಗಂಟನ್ನು ಎಳೆದು ನೋಡಿ, ಬೆನ್ನು ತಿರುಗಿಸಿಕೊಂಡೇ ಕೇಳುತ್ತಾರೆ, ಮುಂದಿನ ಶನಿವಾರಕ್ಕೆ ಆ ಮೆಣಸಿನಕಾಯಿ ಸಾಕಾಗುತ್ತದೆಯೇ ಎಂದು. ಸಾಕಾಗುತ್ತದೆ ಎನ್ನುತ್ತಾರೆ ಸತ್ಯವತಿ. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಾರೆ.

ಆಮೇಲೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ: “ಯಾರಾದ್ರೂ ಕೆಮ್ಮಿದ್ರೆ ಈಗ್ಲೂ ಎದೆ ಧಸಕ್ ಅನ್ನುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಒಗ್ಗರಣೆ ಇಲ್ದೇ ಇರೋ ಸಾರನ್ನ ಇನ್ನೊಬ್ಬರ ಮುಂದೆ ಇಡೋದಕ್ಕೆ ನನ್ನ ಕೈ ಒಪ್ಪಲ್ಲ.”