ದಂತಯ್ಯನ ಮಾಣಿ ಬಿದ್ದ ಕತೆ

ನಗಿಸುವ ಗೀಳು ಹತ್ತಬಾರದವರಿಗೇ ಹತ್ತುತ್ತದೆ. ದಂತಯ್ಯನನ್ನೇ ನೋಡಿ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವುದು ಅವನ ಕೆಲಸ, ಅದಕ್ಕೆ ಬೀದಿಯವರು ಹಾಗೆ ಕರೆಯುತ್ತಾರೆ. ಊರಿನ ಅರ್ಧ ಮುದುಕರು ಅವನು ಮಾಡಿದ ಹಲ್ಲು ಬಿಟ್ಟು ನಗುತ್ತಾರೆ. ಅವನ ಮಾತಿಗೆ ಮಾತ್ರ ಯಾರೂ ನಕ್ಕಿದ್ದಿಲ್ಲ. ಜೋಕು ಹೇಳಲು ಹೊರಟರೆ ಕೊನೆಯದನ್ನು ಮೊದಲೇ ಹೇಳಿಬಿಡುತ್ತಾನೆ, ಆಮೇಲೆ "ಇಲ್ಲ ಇಲ್ಲ, ಅದಕ್ಕೂ ಮುಂಚೆ ಏನಾಯ್ತು ಅಂದ್ರೆ" ಎಂದು ಹಿಂದಕ್ಕೆ ಓಡುತ್ತಾನೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಪಾಪ ಅಂತ ನಗುತ್ತಿದ್ದಳು. ಈಗ ಅಷ್ಟು ಕರುಣೆಯೂ ಉಳಿದಿಲ್ಲ.

ಬಾಯಿಗೆ ಬಾರದ್ದು ಕೈಗೆ ಬಂದೀತೇನೋ ಎಂಬ ಆಸೆ ಅವನಿಗೆ ಹುಟ್ಟಿದ್ದು ಮಗಳು ದೊಡ್ಡವಳಾಗಿ ಆಟದ ಇಟ್ಟಿಗೆಗಳ ಡಬ್ಬವನ್ನು ಮೂಲೆಗೆ ತಳ್ಳಿದಾಗ. ಒಂದಕ್ಕೊಂದು ಕಚ್ಚಿಕೊಳ್ಳುವ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು, ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳು. ಚಿಕ್ಕಂದಿನಲ್ಲಿ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ ಮಾತಿಲ್ಲದ ಹಳೆಯ ಹಾಸ್ಯಚಿತ್ರಗಳನ್ನೆಲ್ಲ ಆ ಇಟ್ಟಿಗೆಗಳಲ್ಲಿ ಮತ್ತೆ ಕಟ್ಟಲು ಕೂತ. ಗೊಂಬೆಯ ಕೈ ಕೂದಲೆಳೆಯಷ್ಟು ಸರಿಸು, ಒಂದು ಫೋಟೋ ತೆಗೆ, ಮತ್ತೆ ಸರಿಸು, ಮತ್ತೆ ತೆಗೆ. ಎಲ್ಲವನ್ನೂ ಸಾಲಾಗಿ ಓಡಿಸಿದರೆ ಗೊಂಬೆ ನಡೆಯುತ್ತದೆ. ಕೆಲಸದ ಕೋಣೆಯಿಂದ ತಂದ ಹಲ್ಲಿನ ಮೇಣವನ್ನು ಗೊಂಬೆಗಳ ಕಾಲಡಿಗೆ ಹಚ್ಚಿ ನಿಲ್ಲಿಸುತ್ತಿದ್ದ. ಒಸಡು ಮಾಡುವ ಗುಲಾಬಿ ವಸ್ತುವಿನಲ್ಲೇ ತಟ್ಟೆ ಲೋಟ ಎರಕ ಹೊಯ್ಯುತ್ತಿದ್ದ. ಹಿಂದಿನ ಕೋಣೆಯ ಮೇಜು ಇದರ ಪಾಲಾಗಿ ಎಷ್ಟೋ ವರ್ಷವಾಯಿತು, ಹೆಂಡತಿ ಇಸ್ತ್ರಿಯನ್ನು ಹಾಸಿಗೆಯ ಮೇಲೆ ಮಾಡುತ್ತಾಳೆ.

ವರ್ಷಕ್ಕೊಮ್ಮೆ ಬೀದಿಯವರೆಲ್ಲ ಸಂಘದ ಹಾಲಿನಲ್ಲಿ ಸೇರಿದಾಗ ಅವನ ಸಿನಿಮಾ ತೋರಿಸುತ್ತಾರೆ. ಎಲ್ಲರೂ ಮೈಯೆಲ್ಲ ಕಣ್ಣಾಗಿ ನೋಡುತ್ತಾರೆ. ಮುಗಿದ ಮೇಲೆ ಹತ್ತಿರ ಬಂದು, "ಅಬ್ಬಬ್ಬಾ, ಏನ್ ತಾಳ್ಮೆ ಸಾರ್ ನಿಮ್ದು!" ಎನ್ನುತ್ತಾರೆ. ಆ ತಾಳ್ಮೆ ಎಂಬ ಮಾತು ಕೇಳಿದರೆ ದಂತಯ್ಯನಿಗೆ ಮೈ ಉರಿಯುತ್ತದೆ. ಉರಿಯದೆ ಏನು? ನಗೆಚಿತ್ರ ಮಾಡಿದವನ ತಾಳ್ಮೆ ಹೊಗಳುವುದೆಂದರೆ ಅಡುಗೆ ಮಾಡಿದವನಿಗೆ ಪಾತ್ರೆ ಚೆನ್ನಾಗಿ ತೊಳೆದಿದ್ದೀಯ ಎಂದ ಹಾಗೆ.

"ಈ ಸಲ ಒಬ್ಬರಾದ್ರೂ ನಗ್ಲಿಲ್ಲ ಅಂದ್ರೆ ಮುಗೀತು. ಎಲ್ಲಾ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ತೀನಿ" ಎಂದ ಹೆಂಡತಿಯ ಹತ್ತಿರ. ಮೇಜು ವಾಪಸು ಸಿಗುತ್ತದೆಂದು ಅವಳು ಹಿಗ್ಗಬೇಕಿತ್ತು. ಆದರೆ ಗಂಡನ ಮುಖ ನೋಡಿ ಹಿಗ್ಗಲಿಲ್ಲ. ಸಂಜೆಗಳನ್ನು ಕಳೆಯಲು ಆ ಮನುಷ್ಯನಿಗೆ ಬೇರೆ ದಾರಿ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಈ ಸಲದ್ದು ಹೋಟೆಲಿನ ದೃಶ್ಯ. ಬಡಕಲು ಮಾಣಿಯೊಬ್ಬ ಗೋಪುರದಷ್ಟು ತಟ್ಟೆ ಹೊತ್ತು ಮೆಟ್ಟಿಲಿಳಿಯುತ್ತ ಜಾರಿ, ಕೊನೆಯ ಮೆಟ್ಟಿಲವರೆಗೂ ಉರುಳಿ ಅಂಗಾತ ಬೀಳಬೇಕು. ಮುಟ್ಟಿದರೆ ಅಲುಗಾಡುತ್ತದೆಂದು ಹಳೆಯ ಫೋನನ್ನು ಕಂಬಿಗೆ ಕಟ್ಟಿ, ಸ್ವಲ್ಪ ಹೊತ್ತಿಗೊಮ್ಮೆ ತಾನೇ ಫೋಟೋ ತೆಗೆಯುವಂತೆ ಮಾಡಿದ್ದ. ಪ್ರದರ್ಶನದ ಹಿಂದಿನ ಮಧ್ಯಾಹ್ನ ಮಾಣಿ ಬಿದ್ದೂ ಆಯಿತು. ಅಷ್ಟರಲ್ಲಿ ಹಲ್ಲಿನ ಕ್ಲಿನಿಕ್ಕಿನವರು ಬಾಗಿಲಿಗೇ ಬಂದರು. ಯಾರದೋ ಹೊಸ ಸೆಟ್ ಬಾಯಲ್ಲಿ ಕೂರುತ್ತಿಲ್ಲವಂತೆ, ಹಲ್ಲು ಹಾಕಿಸಿಕೊಂಡ ಯಜಮಾನರು ಕುರ್ಚಿ ಬಿಟ್ಟು ಏಳುತ್ತಿಲ್ಲವಂತೆ. ದಂತಯ್ಯ ಹಲ್ಲು ತೇಯುವ ಅರ ಹಿಡಿದುಕೊಂಡು ಓಡಿದ. ಫೋನು ನಿಲ್ಲಿಸುವುದು ಮರೆತೇಹೋಯಿತು.

ವಾಪಸು ಬಂದು ನೋಡಿದರೆ ಮಾಣಿ ನೆಲದ ಮೇಲಿಲ್ಲ! ಕುರ್ಚಿಯ ಮೇಲೆ ಕೂತಿದ್ದಾನೆ. ತಲೆಗೆ ಟೋಪಿ, ಪಕ್ಕದಲ್ಲಿ ಜೊತೆಗೆಂದು ಅಡುಗೆಯವನ ಗೊಂಬೆ. ಚೆದುರಿಬಿದ್ದಿದ್ದ ತಟ್ಟೆಗಳೆಲ್ಲ ನೀಟಾಗಿ ಒಂದರ ಮೇಲೊಂದು.

ಇದು ಅತ್ತೆಯವರ ಕೈ ಎಂದು ಹೇಳಬೇಕಾಗಿರಲಿಲ್ಲ. ಹೆಂಡತಿಯ ತಾಯಿ ಸೊಂಟದ ಆಪರೇಷನ್ ಆದ ಮೇಲೆ ಇಲ್ಲೇ ಇದ್ದರು. ಪಡಸಾಲೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದವರ ಮುಂದೆ ಹೋಗಿ ನಿಂತ.

"ಅತ್ತೆ, ಮೇಜಿನ ಮೇಲಿದ್ದ ಗೊಂಬೆನ ನೀವೇನಾದ್ರೂ ಮುಟ್ಟಿದ್ರಾ?"

"ಅವನು ಬಿದ್ದಿದ್ದ ಅಳಿಯಂದಿರೇ."

"ಬೀಳ್ಬೇಕಾಗಿತ್ತು ಅತ್ತೆ. ಬೀಳೋದೇ ಸಿನಿಮಾ."

ಅತ್ತೆ ಮಡಿಸುತ್ತಿದ್ದ ಟವೆಲನ್ನು ತೊಡೆಯ ಮೇಲಿಟ್ಟುಕೊಂಡರು. "ನಂಗೇನ್ ಗೊತ್ತಪ್ಪ. ನಾನು ಆ ಬಸ್ ಸ್ಟ್ಯಾಂಡ್ ಮೆಟ್ಲ ಮೇಲೆ ಬಿದ್ನಲ್ಲ, ಜನ ನನ್ನ ದಾಟ್ಕೊಂಡೇ ಹೋದ್ರು. ನೀವೂ ಅವನನ್ನ ಹಾಗೇ ಬಿಟ್ಟು ಹೋದ್ರಿ. ನೋಡಿ ತಡೆಯಕ್ಕಾಗ್ಲಿಲ್ಲ."

ಬೈಯಲು ಬಂದಿದ್ದ ದಂತಯ್ಯ ಸಿಟ್ಟು ನುಂಗಿಕೊಂಡು ಹಿಂದಿನ ಕೋಣೆಗೆ ಹೋಗಿ, ಕೆಟ್ಟುಹೋದ ಫೋಟೋಗಳನ್ನು ಅಳಿಸೋಣವೆಂದು ಓಡಿಸಿ ನೋಡಿದ. ಹೆಂಡತಿ ಕಾಫಿ ತಂದವಳು ಅವನ ಹೆಗಲ ಮೇಲಿಂದ ಇಣುಕಿದಳು.

ಮಾಣಿ ಉರುಳಿ ಬಿದ್ದ. ಆಗ ಆಕಾಶದಿಂದ ಸುಕ್ಕುಗಟ್ಟಿದ, ದೈತ್ಯಾಕಾರದ ಒಂದು ಕೈ ಇಳಿದು ಬಂತು. ಮಾಣಿಯನ್ನು ಎತ್ತಿ ನಿಲ್ಲಿಸಿತು. ಕಾಲಡಿಗೆ ಮೇಣವಿಲ್ಲದ ಮಾಣಿ ಮತ್ತೆ ಬಿದ್ದ. ಕೈ ಮತ್ತೆ ಬಂತು, ನಿಲ್ಲಿಸಿತು, ಅವನು ಮತ್ತೆ ಬಿದ್ದ. ಕೈ ಒಂದು ಕ್ಷಣ ಯೋಚಿಸುತ್ತ ಗಾಳಿಯಲ್ಲೇ ನಿಂತಿತು. ಆಮೇಲೆ ಕಿರುಬೆರಳಿನಿಂದ ಅವನ ಬೆನ್ನಿನ ಧೂಳು ಕೊಡವಿತು.

ಹೆಂಡತಿ ಕಾಫಿಯನ್ನು ಕೆಳಗಿಡುವಷ್ಟರಲ್ಲಿ ಅರ್ಧ ಚೆಲ್ಲಿಕೊಂಡಿದ್ದಳು. ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹಾಗೆ ನಕ್ಕಿದ್ದನ್ನು ಅವನು ಕಂಡಿರಲಿಲ್ಲ. ಅವನಿಗೆ ಸಂತೋಷವಾಯಿತೇ? ಇಲ್ಲ, ತುಂಬ ನೋವಾಯಿತು. ತಿಂಗಳುಗಟ್ಟಲೆ ಅವನು ದುಡಿದದ್ದಕ್ಕೆ ಬಾರದ ನಗು ಅತ್ತೆಯವರ ಒಂದು ಗಳಿಗೆಯ ಕೈವಾಡಕ್ಕೆ ಬಂದುಬಿಟ್ಟಿತ್ತು.

"ಅಳಿಸ್ತೀನಿ" ಎಂದ.

"ಅಳಿಸಿ. ನಾಳೆ ತಾಳ್ಮೆ ಅಂತಾರೆ, ಕೇಳ್ಕೊಂಡು ಬನ್ನಿ" ಎಂದಳು, ಕಣ್ಣೊರೆಸಿಕೊಳ್ಳುತ್ತ.

ಅವನು ಅದನ್ನು ಮತ್ತೆ ಮತ್ತೆ ಓಡಿಸಿ ನೋಡಿದ. ಕಾಫಿಯ ಮೇಲೆ ಕೆನೆ ಕಟ್ಟಿತು. ಕೊನೆಗೆ ಏನನ್ನೂ ಅಳಿಸದೆ ಎದ್ದ.

ಮಾರನೆಯ ದಿನ ಸಂಘದ ಹಾಲು ಜನರಿಂದ ತುಂಬಿತ್ತು. ಮಾಣಿ ಬಿದ್ದಾಗ ಎಂದಿನಂತೆ ಯಾರೂ ನಗಲಿಲ್ಲ. ಕೈ ಇಳಿದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಣಿ ಮತ್ತೆ ಬಿದ್ದಾಗ ಇಡೀ ಹಾಲು ಬಿದ್ದು ಬಿದ್ದು ನಕ್ಕಿತು, ದಂತಯ್ಯನೇ ಮಾಡಿಕೊಟ್ಟ ಸೆಟ್ಟನ್ನು ಒಬ್ಬ ಅಜ್ಜ ಕೈಯಲ್ಲಿ ಹಿಡಿದುಕೊಂಡು ನಗಬೇಕಾಯಿತು. ಅತ್ತೆ ಮಾತ್ರ ನಾಚಿಕೆಯಿಂದ ಕುಗ್ಗಿ ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡಿದ್ದರು. ಕೈ ಬೆನ್ನಿನ ಧೂಳು ಕೊಡವಿದಾಗ ನಗು ತಾನಾಗಿ ಇಳಿಯಿತು. ಮಾಣಿಗೆ ಕುರ್ಚಿ ಸಿಕ್ಕಿತು, ಟೋಪಿ ಸಿಕ್ಕಿತು, ಜೊತೆ ಸಿಕ್ಕಿತು. ಆಗ ಒಬ್ಬಿಬ್ಬರು ಮೂಗೆಳೆದದ್ದೂ ಕೇಳಿಸಿತು.

ದೀಪ ಹತ್ತಿದ ಮೇಲೆ ಸಂಘದ ಕಾರ್ಯದರ್ಶಿ ದಂತಯ್ಯನನ್ನು ಮುಂದಕ್ಕೆ ಕರೆದು ಮೈಕು ಹಿಡಿದರು. "ಏನ್ ಸಾರ್ ಇದು! ಆ ಕೈ ಐಡಿಯಾ ನಿಮಗೆ ಹೆಂಗೆ ಹೊಳೀತು?"

ಜನ ಕತ್ತು ಚಾಚಿ ಕಾದರು. ಬದುಕಿಡೀ ಅವನು ಕಾದದ್ದು ಇದೇ ಗಳಿಗೆಗೆ. ಸುಮ್ಮನೆ ಮುಗುಳ್ನಕ್ಕರೂ ಸಾಕಿತ್ತು, ಎಲ್ಲ ಅವನದೇ ಆಗುತ್ತಿತ್ತು. ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಅತ್ತೆ ಕಣ್ಣಿಗೆ ಬಿದ್ದರು.

"ಅದು ನನ್ನದಲ್ಲ" ಎಂದ, ಹಲ್ಲಿನ ಅಳತೆ ಹೇಳುವಷ್ಟೇ ಗಂಭೀರವಾಗಿ. "ಆ ಕೈ ನಮ್ಮತ್ತೆಯವರದು. ನಾನು ಬೀಳಿಸಿದವನು, ಅಷ್ಟೆ."

ಹಾಲಿನ ಸೂರು ಹಾರಿಹೋಗುವಂತೆ ನಗು ಎದ್ದಿತು. ಹೆಂಡತಿ ನಗುತ್ತಿದ್ದಳು, ಕಾರ್ಯದರ್ಶಿ ಮೈಕು ಕೆಳಗಿಳಿಸಿ ನಗುತ್ತಿದ್ದರು, ಅತ್ತೆಯೂ ಶಾಲಿನಿಂದ ಕೈ ತೆಗೆದು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ದಂತಯ್ಯನಿಗೆ ಏನೂ ತಿಳಿಯಲಿಲ್ಲ. ಮತ್ತೆ ಸಿನಿಮಾ ಶುರುವಾಯಿತೇನೋ ಎಂದು ಹಿಂದಕ್ಕೆ ತಿರುಗಿ ನೋಡಿದ. ಪರದೆ ಖಾಲಿಯಾಗಿತ್ತು.