ಪಿಕಳಾರದ ಬಾಲದಡಿಯ ಕೆಂಪು

ಮರದಲ್ಲಿ ಗಿಳಿ ಕೂತಿದೆ ಎಂದು ಯಾರಾದರೂ ಬೆರಳು ತೋರಿಸಿದರೆ ಲೋಕದ ಜನ ಮರದ ಕಡೆ ನೋಡುತ್ತಾರೆ. ನಾನು ಬೆರಳು ತೋರಿಸಿದವರ ಮುಖದ ಕಡೆ ನೋಡುತ್ತೇನೆ. ಆ ಮುಖದಲ್ಲಿ ಹಿಗ್ಗು ಕಂಡರೆ ಗಿಳಿ ನಿಜವಾಗಿಯೂ ಇದೆಯೆಂದು ನಿಶ್ಚಯಿಸಿಕೊಂಡು 'ಆಹಾ' ಎನ್ನುತ್ತೇನೆ. ಇದನ್ನು ನೀವು ವಿನಯವೆಂದಾಗಲಿ ವೇದಾಂತವೆಂದಾಗಲಿ ತಿಳಿಯಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ಮಾರಿಕಣಿವೆಯಲ್ಲಿದ್ದಾಗ ಅಂಟಿಕೊಂಡ ಅಭ್ಯಾಸ ಇದು. ಹೇಗೆ ಅಂಟಿಕೊಂಡಿತು ಎಂಬುದನ್ನು ಹೇಳುತ್ತೇನೆ, ನನ್ನ ಜೊತೆ ನಾಲ್ಕು ಹೆಜ್ಜೆ ಬನ್ನಿ.

ಆಗ ನಾನು ಅಣೆಕಟ್ಟಿನ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹೊಳಲ್ಕೆರೆಯಿಂದ ಸುಶೀಲೆಯನ್ನು ಮದುವೆ ಮಾಡಿಕೊಂಡು ಕರೆತಂದು ವರ್ಷ ತುಂಬಿತ್ತು. ಕ್ವಾರ್ಟರ್ಸಿನ ಒಂದೂವರೆ ಕೋಣೆ, ಎದುರಿಗೆ ಗುಡ್ಡ, ಹಿಂದಕ್ಕೂ ಗುಡ್ಡ, ಎರಡರ ನಡುವೆ ಕಟ್ಟಿ ನಿಲ್ಲಿಸಿದ ನೀರು. ಸಿನಿಮಾ ನೋಡಬೇಕೆಂದರೆ ಬಸ್ಸು ಹಿಡಿದು ಹಿರಿಯೂರಿಗೇ ಹೋಗಬೇಕು. ಅಂಥ ಊರಿಗೆ ಹೊಸದಾಗಿ ವರ್ಗವಾಗಿ ಬಂದ ಇಂಜಿನಿಯರ್ ಚನ್ನಬಸಪ್ಪನವರು ತಮ್ಮೊಡನೆ ಒಂದು ದುರ್ಬೀನನ್ನೂ, ಬಣ್ಣಬಣ್ಣದ ಚಿತ್ರಗಳಿದ್ದ ದಪ್ಪನೆಯ ಇಂಗ್ಲಿಷ್ ಹಕ್ಕಿಪುಸ್ತಕವನ್ನೂ ತಂದರು. ಹಕ್ಕಿ ನೋಡುವುದು ಅವರಿಗೆ ಅಂಟಿದ್ದ ಹೊಸ ಹುಚ್ಚು. ಹುಚ್ಚು ಹೊಸದಾಗಿದ್ದಾಗ ಜೊತೆ ಬೇಕಾಗುತ್ತದೆ. ಅವರ ಮನೆಯವರು ಮೊಣಕಾಲಿನ ನೆಪ ಹೇಳಿ ಪಾರಾದರು. ನನಗೆ ಹೇಳಲು ನೆಪವಿರಲಿಲ್ಲ, ಮೇಲಾಗಿ ಅವರು ಸಾಹೇಬರು. ಭಾನುವಾರ ಬೆಳಗಾದರೆ ನಮ್ಮ ಬಾಗಿಲಿಗೆ ಬಂದು, "ಏನ್ರೀ ತಿಪ್ಪೇಸ್ವಾಮಿ, ಎದ್ದೀರೇನ್ರೀ? ಹೋಗಾಣ ಬರ್ರಿ" ಎಂದು ಕೂಗುತ್ತಿದ್ದರು. ಮನೆಯಲ್ಲಿ ಕೂತು ಮಾಡುವುದೇನು ಎಂದು ಸುಶೀಲೆಯೂ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದಳು.

ಮೊದಲ ವಾರವೇ ಎಡವಟ್ಟಾಯಿತು. ಹಿನ್ನೀರಿನ ದಡದ ಹುಣಸೆಮರದಲ್ಲಿ ಗಿಳಿಗಳ ಹಿಂಡೇ ಇಳಿದಿತ್ತು. ಕಿರುಚಾಟ ನನಗೂ ಕೇಳಿಸುತ್ತಿತ್ತು. ಆದರೆ ಮರದಲ್ಲಿ ನನಗೆ ಕಂಡದ್ದು ಎಲೆ, ಎಲೆಯ ಹಿಂದೆ ಎಲೆ, ಅದರ ಹಿಂದೆ ಇನ್ನೊಂದು ಎಲೆ.

"ಕೆಂಪು ಕೊಕ್ಕು ನೋಡ್ರಿ, ಕೊಕ್ಕು ಹಿಡ್ಕಂಡು ಹುಡುಕ್ರಿ, ತಾನೇ ಕಾಣ್ತೈತೆ" ಎಂದಳು ಸುಶೀಲೆ.

ನಾನು ಕತ್ತನ್ನು ಕೊಕ್ಕರೆಯ ಹಾಗೆ ಉದ್ದ ಮಾಡಿದೆ. ಸಾಹೇಬರು ದುರ್ಬೀನು ಕೊಟ್ಟರು; ಅದರಲ್ಲಿ ಎಲೆಗಳು ಇನ್ನಷ್ಟು ದೊಡ್ಡದಾಗಿ ಕಂಡವು. ಹಿಂಡು ಒಮ್ಮೆಲೆ ಎದ್ದು ಆಕಾಶಕ್ಕೆ ಹಾರಿದಾಗ ಮಾತ್ರ, ಅಷ್ಟೊಂದು ಗಿಳಿಗಳು ಆ ಒಂದು ಮರದಲ್ಲಿ ಎಲ್ಲಿ ಅಡಗಿದ್ದವು ಎಂದು ಬೆರಗಾದೆ. ಅವರಿಬ್ಬರೂ ನನ್ನನ್ನು ಕಂಡು ಬೆರಗಾದರು.

ಹಾಗಾದರೆ ನನ್ನ ಕಣ್ಣು ಮಂಜೋ ಎಂದರೆ, ಹಾಗೂ ಇಲ್ಲ. ಮುಂದಿನ ವಾರ ಗುಡ್ಡದ ಇಳಿಜಾರಿನಲ್ಲಿ ಬೆಳೆದ ಬಂದರೆಯ ಪೊದೆಗಳ ನಡುವೆ ಒಬ್ಬರ ಹಿಂದೊಬ್ಬರು ಹೋಗುತ್ತಿದ್ದಾಗ ನಾನು ಸಾಹೇಬರ ತೋಳು ಹಿಡಿದು ಜಗ್ಗಿದೆ. ಅವರ ಬೂಟಿನಿಂದ ಒಂದು ಗೇಣು ಆಚೆಗೆ ನೆಲದ ಮೇಲೆ ಹಕ್ಕಿಯೊಂದು ಕಣ್ಣು ಮುಚ್ಚಿ ಕೂತಿತ್ತು.

"ಎಲ್ರೀ?" ಎಂದರು.

"ಅಲ್ಲೇ ಸಾರ್, ನಿಮ್ಮ ಕಾಲತ್ರ."

"ಅದು ಕಲ್ಲಲ್ಲೇನ್ರೀ?"

ಸುಶೀಲೆಯೂ ಬಗ್ಗಿ ನೋಡಿದಳು. ಅವಳಿಗೆ ಕಂಡದ್ದು ತರಗೆಲೆ. ಇಬ್ಬರೂ ವಾದಿಸುತ್ತಿರುವಾಗಲೇ ಆ ಕಲ್ಲು ಅಥವಾ ತರಗೆಲೆ ರೆಕ್ಕೆ ಬಿಚ್ಚಿ ಸದ್ದಿಲ್ಲದೆ ಹಾರಿಹೋಯಿತು. ಅದು ನತ್ತಿಂಗ, ಹಗಲೆಲ್ಲ ನೆಲದ ಬಣ್ಣದಲ್ಲಿ ಕರಗಿ ಕೂತು ಸಂಜೆಗೆ ಹುಳ ಹಿಡಿಯಲು ಹೊರಡುವ ಹಕ್ಕಿ. ಅದನ್ನು ಕೂತಲ್ಲೇ ಕಾಣುವುದು ಪಳಗಿದವರಿಗೂ ಕಷ್ಟವೆಂದು ಪುಸ್ತಕದಲ್ಲಿ ಬರೆದಿತ್ತಂತೆ. "ಏನ್ ಕಣ್ರೀ ನಿಮ್ದು! ಹದ್ದಿನ ಕಣ್ಣು!" ಎಂದು ಸಾಹೇಬರು ಬೆನ್ನು ತಟ್ಟಿದರು. ಮುಂದೆಯೂ ನೆಲದ ಹಕ್ಕಿ, ಗೌಜಲು, ಬುರ್ಲಿ, ಕಲ್ಲುಗಳ ನಡುವೆ ಇಟ್ಟ ಟಿಟ್ಟಿಭದ ಮೊಟ್ಟೆ, ಎಲ್ಲವೂ ಮೊದಲು ಕಂಡದ್ದು ನನಗೇ. ಮರದ ಮೇಲೆ ಕುರುಡ, ನೆಲದ ಮೇಲೆ ಹದ್ದು! ಈ ಒಗಟನ್ನು ಹೇಗೆ ಬಗೆಹರಿಸುವುದೆಂದು ತಿಳಿಯದೆ ಸಾಹೇಬರು, ಗಿಳಿಯ ದಿನ ನನಗೆ ನಿದ್ದೆ ಸಾಲದಿದ್ದಿರಬೇಕು ಎಂದು ತೀರ್ಮಾನಿಸಿದರು. ನಾನೂ ಹಾಗೆಯೇ ನಂಬಿದೆ. ತನ್ನ ವಿಷಯದಲ್ಲಿ ಹಿತವಾದ ತೀರ್ಮಾನವನ್ನು ಯಾರು ತಾನೇ ನಂಬುವುದಿಲ್ಲ?

ಹದ್ದಿನ ಕಣ್ಣಿನ ಈ ಖ್ಯಾತಿಯೇ ಮುಂದೆ ನನ್ನ ಕೊರಳಿಗೆ ಸುತ್ತಿಕೊಂಡಿತು.

ಸುಶೀಲೆ ತವರಿಗೆ ಹೋಗಿದ್ದ ಒಂದು ಭಾನುವಾರ. ಸಾಹೇಬರು ಕನ್ನಡಕ ಮರೆತು ಬಂದಿದ್ದರು. ತಡಸಲು ಮರದಡಿಯ ಪೊದೆಯಲ್ಲಿ ಒಂದು ಪಿಕಳಾರ ಕೂಗುತ್ತಿತ್ತು. ನಮ್ಮ ಸೀಮೆಯಲ್ಲಿ ಕಾಗೆ ಗುಬ್ಬಿಗಳ ಹಾಗೆ ಎಲ್ಲೆಲ್ಲೂ ಇರುವ ಹಕ್ಕಿ ಅದು. ತಲೆ ಕಪ್ಪು, ಮೈ ಕಂದು. "ಬಾಲದಡಿ ಕೆಂಪೈತೇನು ನೋಡಿ ಹೇಳ್ರಿ, ಪುಸ್ತಕದಾಗೆ ಹಂಗೆ ಬರ್ದಾರೆ" ಎಂದು ದುರ್ಬೀನು ನನ್ನ ಕೈಗಿತ್ತರು. ಹಕ್ಕಿ ನನಗೆ ಬೆನ್ನು ತಿರುಗಿಸಿ, ಬಾಲ ಎತ್ತಿ, ತೋರಿಸಬೇಕಾದ್ದನ್ನೆಲ್ಲ ಸಂಕೋಚವಿಲ್ಲದೆ ತೋರಿಸಿತು. ನಾನು ನೋಡಿದ್ದನ್ನು ನೋಡಿದಂತೆ ಹೇಳಿದೆ: ಅಲ್ಲಿ ಕೆಂಪಿಲ್ಲ, ಕಪ್ಪಿದೆ. ಸಾಹೇಬರು ನನ್ನ ಕೈ ಹಿಡಿದು ಮುಂದಿನ ಪೊದೆಗೆ ಎಳೆದರು. ಇನ್ನೊಂದು ಪಿಕಳಾರ ನೋಡಿದೆವು. ಅದರಲ್ಲಿಯೂ ಕೆಂಪಿಲ್ಲ. ಮತ್ತೊಂದು, ಇಲ್ಲ. ಪುಸ್ತಕದಲ್ಲಿಲ್ಲದ ಒಂದು ಪಿಕಳಾರ ಮಾರಿಕಣಿವೆಯಲ್ಲಿ ಸಂಸಾರ ಹೂಡಿದೆ ಎಂಬ ನಿರ್ಣಯಕ್ಕೆ ನಾವು ಮಧ್ಯಾಹ್ನದ ಊಟದೊಳಗೆ ಬಂದುಬಿಟ್ಟೆವು.

ಚಿತ್ರದುರ್ಗದಲ್ಲಿ ಸಾಹೇಬರಿಗೆ ಪರಿಚಯದ ಕಣ್ಣಿನ ಡಾಕ್ಟರೊಬ್ಬರಿದ್ದರು. ವಯಸ್ಸಾದವರು, ಹಕ್ಕಿಗಳ ವಿಷಯದಲ್ಲಿ ಬಹಳ ತಿಳಿದವರು. ಅವರಿಗೆ ಸುದ್ದಿ ಹೋಯಿತು. ಅವರು ಮರುವಾರವೇ ತಮ್ಮ ಹಳೆಯ ಕಾರಿನಲ್ಲಿ ಐಮಂಗಲದ ಮೇಲೆ ಧೂಳೆಬ್ಬಿಸಿಕೊಂಡು ಬಂದಿಳಿದರು. ಅಷ್ಟರಲ್ಲಿ ಸುಶೀಲೆಯೂ ಊರಿನಿಂದ ಮರಳಿದ್ದಳು. ನಾಲ್ವರೂ ಹೋದೆವು. ಪಿಕಳಾರ ಅದೇ ಪೊದೆಯಲ್ಲಿತ್ತು. ಡಾಕ್ಟರು ದುರ್ಬೀನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.

"ಚನ್ನಬಸಪ್ಪ, ಕೆಂಪೈತಲ್ಲಪ್ಪ" ಎಂದರು.

ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಅವರ ಮುಖ ಇಳಿಯಿತು. ಸುಶೀಲೆ ಬರಿಗಣ್ಣಿನಿಂದಲೇ ನೋಡಿ, "ಕುಂಕುಮ ಇಟ್ಟಂಗೈತೆ" ಎಂದಳು. ನಾನು ದುರ್ಬೀನು ಕಸಿದುಕೊಂಡು ನೋಡಿದೆ. ದೇವರಾಣೆಗೂ ಅಲ್ಲಿ ಕೆಂಪಿರಲಿಲ್ಲ. ಮೂವರೂ ಸೇರಿ ನನ್ನನ್ನು ಆಟವಾಡಿಸುತ್ತಿದ್ದಾರೆಂದು ನನಗೆ ಅನ್ನಿಸಿತು. ನಾನು ಅವರನ್ನು ಆಟವಾಡಿಸಿದೆನೆಂದು ಸಾಹೇಬರಿಗೆ ಅನ್ನಿಸಿತು.

"ತಮಾಷೆಗೂ ಒಂದು ಮಿತಿ ಇರ್ತೈತ್ರೀ. ಅವತ್ತು ಕೆಂಪಕ್ಷರದ ಕಾಗದ, ಇವತ್ತು ಇದು. ಗೇಲಿ ಮಾಡಾಕೆ ನಾನೇ ಸಿಕ್ಕಿದ್ನೇ ನಿಮಗೆ?"

ಕೆಂಪಕ್ಷರದ ಕಾಗದದ ಕತೆಯನ್ನು ನಿಮಗೆ ಹೇಳಬೇಕು. ಆಗಿನ ಟೈಪ್‌ರೈಟರಿನ ರಿಬ್ಬನ್ನಿನಲ್ಲಿ ಮೇಲರ್ಧ ಕಪ್ಪು, ಕೆಳಗರ್ಧ ಕೆಂಪು ಇರುತ್ತಿತ್ತು; ಪಕ್ಕದ ಒಂದು ಸಣ್ಣ ಲಿವರ್ ಒತ್ತಿದರೆ ಕಪ್ಪಿನ ಬದಲು ಕೆಂಪು ಮೂಡುತ್ತಿತ್ತು. ಸಾಹೇಬರು ಬಂದ ಹೊಸದರಲ್ಲಿ, ಅವರ ಮೇಲಧಿಕಾರಿಗೆ ಹೋಗಬೇಕಾದ ಕಾಗದವೊಂದನ್ನು ಆದಿಯಿಂದ ಅಂತ್ಯದವರೆಗೆ ನಾನು ಕೆಂಪಿನಲ್ಲೇ ಕುಟ್ಟಿದ್ದೆನಂತೆ. ನನಗದು ಕಪ್ಪಾಗಿಯೇ ಕಂಡಿತ್ತು. ಲಿವರ್ ಜಾರಿರಬೇಕು ಸಾರ್ ಎಂದಿದ್ದೆ. ದಿನವಿಡೀ ವರ್ಣಮಾಲೆ ಕುಟ್ಟುವವನಿಗೆ ವರ್ಣವೇ ತಿಳಿಯದೆಂದು ಯಾರು ಊಹಿಸಬೇಕು!

ಸಾಹೇಬರು ಸರಸರನೆ ಹೊರಟುಹೋದರು. ಡಾಕ್ಟರು ಮಾತ್ರ ನನ್ನನ್ನೇ ನೋಡುತ್ತ ನಿಂತಿದ್ದರು. ಕಾರು ಹತ್ತುವಾಗ, "ನಾಳೆ ರಜ ಹಾಕಿ ದುರ್ಗಕ್ಕೆ ಬರ್ರಿ. ನಿಮ್ಮ ಮನೆಯೋರನ್ನೂ ಕರ್ಕಂಡ್ ಬರ್ರಿ" ಎಂದರು.

ಅಂದು ಮನೆಯಲ್ಲಿ ಊಟ ಬಡಿಸಿದ ಸುಶೀಲೆ ತಾನು ಊಟಕ್ಕೆ ಕೂರಲಿಲ್ಲ. ಕೆಲಸ ಹೋದೀತೆಂಬ ಭಯವೋ ಎಂದು ಕೇಳಿದೆ. ಅಲ್ಲ ಎಂದಳು. ಗೋಡೆಗೆ ಮುಖ ಮಾಡಿ ಹೇಳಿದಳು:

"ಮಲ್ಲಿಗೆ ಮುಡ್ಕಂಡ ದಿನ ಚೆನ್ನಾಗೈತೆ ಅಂತೀರಿ. ಕೆಂಪು ಗುಲಾಬಿ ಮುಡ್ಕಂಡ ದಿನ ಕಣ್ಣೆತ್ತಿ ನೋಡಲ್ಲ. ನಮ್ಮಪ್ಪನ ಮನೆ ಗಿಡದ್ದು ಅಂತ ತಾತ್ಸಾರ ಅಂದ್ಕಂಡೆ. ಅದಕ್ಕೇ ಗಿಡ ಕಿತ್ತು ಪಕ್ಕದ ಮನೆಯೋರಿಗೆ ಕೊಟ್ಟೆ. ಈಗ ಎಲ್ಲರ ಎದುರಿಗೂ ಇದ್ದದ್ದನ್ನ ಇಲ್ಲ ಅಂತೀರಲ್ಲ, ನಿಮ್ಮನ್ನ ಹೆಂಗೆ ಅರ್ಥ ಮಾಡ್ಕಳ್ಳಿ?"

ಯಾವ ಗುಲಾಬಿ? ಡಬ್ಬದಲ್ಲಿ ಒಂದು ಗಿಡವಿದ್ದದ್ದು ನೆನಪಿತ್ತು. ಅವಳ ಕಪ್ಪು ಹೆರಳಿನಲ್ಲಿ ಹೂವು ಇದ್ದದ್ದು ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ನೋಡಿರಲಿಲ್ಲ ಎಂದರೆ ಅವಳಿಗೆ ನೋವು, ನೋಡಿದ್ದೆ ಎಂದರೆ ಸುಳ್ಳು. ಏನೂ ಹೇಳದೆ ಕೂತೆ. ಅದರಿಂದ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಮರುದಿನ ದುರ್ಗದಲ್ಲಿ ಡಾಕ್ಟರು, "ಬರ್ರಿ, ಕುಂತ್ಕಳ್ರಿ" ಎಂದು ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಒಂದು ಪುಸ್ತಕ ತೆರೆದರು. ಪುಟಪುಟದಲ್ಲೂ ದುಂಡನೆಯ ಚಿತ್ರ, ಅದರ ತುಂಬ ಸಾಸಿವೆಯಿಂದ ಕಡಲೆಯವರೆಗಿನ ಗಾತ್ರದ ಚುಕ್ಕಿಗಳು.

"ಇದರಾಗೆ ಏನು ಬರ್ದೈತೆ?"

"ಏನೂ ಬರೆದಿಲ್ಲ ಸಾರ್. ಚುಕ್ಕಿ."

ಬೆನ್ನ ಹಿಂದೆ ನಿಂತಿದ್ದ ಸುಶೀಲೆ ತಡೆಯಲಾರದೆ, "ತೊಂಬತ್ತೇಳು ಅಂತ ದೊಡ್ಡದಾಗಿ ಬರ್ದೈತಲ್ರೀ!" ಎಂದಳು. ಪುಟ ತಿರುವಿದರು. ನನಗೆ ಚುಕ್ಕಿ, ಅವಳಿಗೆ ಅಂಕಿ. ಮತ್ತೊಂದು ಪುಟ, ಚುಕ್ಕಿ, ಅಂಕಿ. ಇದ್ದಕ್ಕಿದ್ದಂತೆ ಒಂದು ಪುಟದಲ್ಲಿ ಸ್ಪಷ್ಟವಾಗಿ ಐದು ಕಂಡಿತು. ಜೀವ ಬಂದವನಂತೆ "ಐದು!" ಎಂದು ಕೂಗಿದೆ.

"ಎಲ್ಲೈತೆ ಐದು?" ಎಂದಳು ಸುಶೀಲೆ, ನನ್ನ ಹೆಗಲ ಮೇಲೆ ಬಗ್ಗಿ. "ಅಲ್ಲೇನೂ ಇಲ್ಲ. ಬರೇ ಚುಕ್ಕಿ."

ಡಾಕ್ಟರು ಪುಸ್ತಕ ಮುಚ್ಚಿ ನಕ್ಕರು. ಆ ಪುಟದ ಅಂಕಿ ನನ್ನಂಥವರಿಗೆ ಕಾಣುತ್ತದೆ, ಅವಳಂಥವರಿಗೆ ಕಾಣುವುದಿಲ್ಲ ಎಂದರು. ಹುಟ್ಟಿನಿಂದಲೇ ಕೆಂಪು ನನಗೆ ಕಪ್ಪಿನ ಹತ್ತಿರದ ಬಣ್ಣ; ಹಸಿರಿನಿಂದ ಅದನ್ನು ಬೇರ್ಪಡಿಸುವ ಶಕ್ತಿ ನನ್ನ ಕಣ್ಣಿಗಿಲ್ಲ. ಉಳಿದವರ ಕಣ್ಣನ್ನು ಬಣ್ಣ ಮೋಸಗೊಳಿಸುವ ಕಡೆ ನನ್ನ ಕಣ್ಣು ಆಕಾರವನ್ನು ಹಿಡಿಯುತ್ತದೆ, ನತ್ತಿಂಗ ಕಂಡದ್ದು ಬಹುಶಃ ಹಾಗೆ. ರೋಗವಲ್ಲ, ಔಷಧವಿಲ್ಲ, ಹೆದರಬೇಕಾಗಿಲ್ಲ.

ಹೆದರಲಿಲ್ಲ, ಆದರೆ ಕಂಗಾಲಾದೆ. ಎಲೆ ಹಸಿರು, ರಕ್ತ ಕೆಂಪು ಎಂದು ಚಿಕ್ಕಂದಿನಲ್ಲಿ ಅವ್ವ ಹೇಳಿಕೊಟ್ಟಿದ್ದನ್ನು ನಾನು ಹಾಗೆಯೇ ಒಪ್ಪಿಸುತ್ತ ಬಂದಿದ್ದೆ. ಬಣ್ಣಗಳನ್ನು ಕಂಡು ಕಲಿತವನಲ್ಲ, ಕೇಳಿ ಕಲಿತವನು! ನಮ್ಮ ಊರು, ನಮ್ಮ ಬಾಗಿಲಿನ ತೋರಣ, ಮದುವೆಯಲ್ಲಿ ಧಾರೆಗೆ ಕೂತ ಸುಶೀಲೆಯ ಸೀರೆ, ಎಲ್ಲವೂ ನಾನು ಕಂಡಂತಿರಲಿಲ್ಲವಂತೆ. ಹಾಗಾದರೆ ಹೇಗಿದ್ದವು? ಅದನ್ನು ಹೇಳುವ ಭಾಷೆ ಡಾಕ್ಟರಲ್ಲೂ ಇರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಸುಶೀಲೆ ಕಿಟಕಿಯ ಕಡೆ ಕೂತಿದ್ದಳು. ಐಮಂಗಲ ದಾಟಿದ ಮೇಲೆ ಕೇಳಿದಳು: "ಗುಲಾಬಿ ಮುಡ್ಕಂಡಿದ್ದು ನಿಮಗೆ ಕಾಣ್ತಾನೇ ಇರ್ಲಿಲ್ವ?"

"ಇಲ್ಲ."

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ ಕಣೇ."

ಅವಳು ನಗತೊಡಗಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡನಿಗೆ ಕಣ್ಣಿನ ದೋಷವಿದೆ ಎಂದು ತಿಳಿದು ಅಷ್ಟು ಸಮಾಧಾನಪಟ್ಟ ಹೆಂಗಸು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಮಂಗಳವಾರ ಕಚೇರಿಗೆ ಹೋದಾಗ ಡಾಕ್ಟರ ವಿವರಣೆ ನನಗಿಂತ ಮುಂಚೆಯೇ ಟೆಲಿಫೋನಿನಲ್ಲಿ ಸಾಹೇಬರನ್ನು ಮುಟ್ಟಿತ್ತು. ನನ್ನ ಟೈಪ್‌ರೈಟರಿಗೆ ಪೂರ್ತಿ ಕಪ್ಪು ರಿಬ್ಬನ್ನು ಹಾಕಿಸಿದ್ದರು. "ಬೈದಿದ್ದು ಮನಸ್ಸಿಗೆ ಹಚ್ಕಬ್ಯಾಡ್ರಿ" ಎಂದಷ್ಟೇ ಹೇಳಿ ಫೈಲಿನಲ್ಲಿ ಮುಖ ಹುದುಗಿಸಿದರು. ಭಾನುವಾರ ಎಂದಿನಂತೆ ಬಾಗಿಲಿನಲ್ಲಿ ಕೂಗಿದರು.

ಅಂದಿನಿಂದ ನಮ್ಮಲ್ಲಿ ಶ್ರಮವಿಭಜನೆಯಾಯಿತು. ಹಕ್ಕಿ ಎಲ್ಲಿದೆ ಎಂದು ಹೇಳುವುದು ನಾನು, ಯಾವ ಬಣ್ಣ ಎಂದು ಹೇಳುವುದು ಸುಶೀಲೆ, ಹೆಸರು ತಪ್ಪು ಹೇಳುವುದು ಸಾಹೇಬರು. ಬಣ್ಣದ ವಿಷಯ ಬಂದಾಗ ನಾನು ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ಗಿಳಿ ಎಂದರೆ ಮುಖ ನೋಡುವ ಚಾಳಿ ಹತ್ತಿದ್ದು ಆಗಲೇ.

ಹೀಗಿರುವಾಗ ಒಂದು ಬೆಳಗ್ಗೆ ಕಾಲುವೆಯ ಏರಿಯ ಮೇಲೆ ಬರುತ್ತಿದ್ದೆವು. ತಂತಿಯ ಮೇಲೆ ಮಂಕಾದ, ದಪ್ಪ ತಲೆಯ ಹಕ್ಕಿಯೊಂದು ಮುದುಡಿ ಕೂತಿತ್ತು. ಯಾರೂ ಎರಡನೇ ಸಲ ನೋಡುವಂಥದ್ದಲ್ಲ. ನಾವು ಹತ್ತಿರವಾದಾಗ ಅದು ಗದ್ದೆಯ ಮೇಲೆ ಹಾರಿತು. ರೆಕ್ಕೆ ಬಿಚ್ಚಿತು ನೋಡಿ, ನಾನು ನಡೆಯುತ್ತಿದ್ದವನು ಅಲ್ಲೇ ನಿಂತೆ. ಅಷ್ಟು ಹೊಳಪಿನ ಬಣ್ಣವನ್ನು ಅಷ್ಟು ನಿಸ್ಸಂದೇಹವಾಗಿ ನಾನು ಎಂದೂ ಕಂಡಿರಲಿಲ್ಲ ಅನ್ನಿಸಿತು. ಸಾಹೇಬರು ದುರ್ಬೀನು ಬಿಡಿಸಿಕೊಳ್ಳುವಷ್ಟರಲ್ಲಿ ಹಕ್ಕಿ ತೋಟಗಳಾಚೆ ಮರೆಯಾಗಿತ್ತು.

"ರೆಕ್ಕೆ ಯಾವ ಬಣ್ಣ ಇತ್ತಮ್ಮಾ?" ಎಂದು ವಾಡಿಕೆಯಂತೆ ಸುಶೀಲೆಯ ಕಡೆ ತಿರುಗಿದರು.

ಅವಳಿಗೆ ಗೊತ್ತಿತ್ತು, ಬಾಯಿಯೂ ತೆರೆದಿತ್ತು. ಆದರೆ ಅವಳು ನನ್ನ ಮುಖ ನೋಡಿದಳು, ನೋಡಿ ತುಟಿ ಮುಚ್ಚಿದಳು.

"ನೀವೇ ಹೇಳ್ರಿ" ಎಂದಳು.

ಮೂವತ್ತು ದಾಟಿದ ಗಂಡಸು ಒಂದು ಬಣ್ಣದ ಹೆಸರು ಹೇಳಲು ಹೆದರಿ ಏರಿಯ ಮೇಲೆ ನಿಂತಿದ್ದೆ. ಇಬ್ಬರೂ ಕಾದರು.

"ನೀಲಿ" ಎಂದೆ.

"ಹೂಂ, ನೀಲೀನೇ" ಎಂದಳು ಸುಶೀಲೆ.

ಹಾಗಾದರೆ ಅದು ನೀಲಕಂಠವೇ ಇರಬೇಕೆಂದು ಸಾಹೇಬರು ಅಲ್ಲೇ ಕೂತು ಪುಸ್ತಕ ತೆರೆದರು. ಅವರಿಗೆ ಪುಟ ಸಿಗುವವರೆಗೂ ನಾವಿಬ್ಬರು ಆ ಹಕ್ಕಿ ಹೋದ ಕಡೆಗೇ ನೋಡುತ್ತ ನಿಂತಿದ್ದೆವು.